ದುಡ್ಡು ಕಟ್ಟಾಯ್ತು, ಮಷೀನ್ ಎಲ್ಲಿ? ಪ್ರಿ-ಆರ್ಡರ್ ಮಾಡಿ ಕಾಯೋರ ಲೆಕ್ಕಾಚಾರ

ಇವತ್ತಿನ ಸಂಚಿಕೆ ಒಂದು ವಾಯ್ಸ್ ಮೆಸೇಜ್‌ನಿಂದ ಶುರು ಆಗುತ್ತೆ. ಕಳಿಸಿದವರು ದಾವಣಗೆರೆಯ ಒಬ್ಬ ಹುಡುಗಿ. ಹೆಸರು ಹೇಳೋದು ಬೇಡ ಅಂದಿದ್ದಾರೆ, ಹಾಗಾಗಿ ಹೇಳಲ್ಲ. ಅವರ ಮಾತು ಹೀಗಿದೆ:

"ಅಣ್ಣಾ, ನಮಸ್ತೆ. ನಾನು ಮನೇಲೇ ನೇಮ್ ಬೋರ್ಡ್, ಮದುವೆಗೆ ರಿಟರ್ನ್ ಗಿಫ್ಟು, ಮರದ ಕೀಚೈನ್ ಎಲ್ಲ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಮಾರ್ತೀನಿ. ಕಟಿಂಗ್‌ಗೆ ಮಾತ್ರ ಪ್ರತಿ ಸಲ ಅಂಗಡಿಗೆ ಓಡ್ಬೇಕು. ಹೋದ ವರ್ಷ ಹೊರದೇಶದ ಒಂದು ಕಂಪನಿ ಮನೇಲೇ ಇಟ್ಕೊಳ್ಳೋ ಲೇಸರ್ ಕಟರ್‌ಗೆ ಪ್ರಿ-ಆರ್ಡರ್ ತಗೊಳ್ತಿತ್ತು. ಈಗಲೇ ಕಟ್ಟಿದ್ರೆ ಅರ್ಧ ಬೆಲೆ ಅಂದ್ರು. ಅಮ್ಮನ ಚೀಟಿ ದುಡ್ಡು ಎತ್ತಿ ಕಟ್ಟಿದೆ. ಆರು ತಿಂಗಳಲ್ಲಿ ಬರ್ಬೇಕಿತ್ತು. ಹದಿನಾಲ್ಕು ತಿಂಗಳಾಯ್ತು. ಮೂರು ಸಲ ಡೇಟ್ ಮುಂದಕ್ಕೆ ಹಾಕಿದ್ದಾರೆ. ಮೊದಮೊದಲು ಅಮ್ಮ ದಿನಾ ಕೇಳೋರು, ಈಗ ಕೇಳೋದನ್ನೇ ಬಿಟ್ಟಿದ್ದಾರೆ. ಅದೇ ಜಾಸ್ತಿ ಬೇಜಾರು. ಕಾಯ್ಲಾ, ದುಡ್ಡು ವಾಪಸ್ ಕೇಳ್ಲಾ?"

ಪ್ರಶ್ನೆ ಚಿಕ್ಕದು. ಆದರೆ ಉತ್ತರಕ್ಕೆ ಮೂರು ವಿಷಯ ಗೊತ್ತಿರಬೇಕು. ಇಂಥ ಯಂತ್ರಗಳು ಯಾಕೆ ತಡ ಆಗ್ತವೆ? ತಡ ಆದದ್ದು ಕೊನೆಗೆ ಬರುತ್ತಾ? ಬರದೇ ಹೋದರೆ ನಮ್ಮ ಕೈಯಲ್ಲಿ ಏನಿದೆ? ಒಂದೊಂದಾಗಿ ನೋಡೋಣ.

ಏನಿದು ಮನೆ ಲೇಸರ್ ಕಟರ್?

ಗೊತ್ತಿಲ್ಲದೋರಿಗೆ ಎರಡು ಮಾತು. ಮನೆ ಬಳಕೆಯ ಲೇಸರ್ ಕಟರ್‌ಗಳಲ್ಲಿ ಹಲವು ಕಾರ್ಬನ್ ಡೈಆಕ್ಸೈಡ್ ಲೇಸರ್ ಮೇಲೆ ನಡೀತವೆ. ಒಳಗೆ ಒಂದು ಗಾಜಿನ ಕೊಳವೆ ಇರುತ್ತೆ. ಅದರಲ್ಲಿ ಅನಿಲ ತುಂಬಿರುತ್ತೆ. ಹೈ ವೋಲ್ಟೇಜ್ ವಿದ್ಯುತ್ ಹಾಯಿಸಿದಾಗ ಸುಮಾರು 10.6 ಮೈಕ್ರೋಮೀಟರ್ ತರಂಗಾಂತರದ ಕಿರಣ ಹೊರಡುತ್ತೆ. ಕಣ್ಣಿಗೆ ಕಾಣಲ್ಲ. ಕನ್ನಡಿಗಳು ಆ ಕಿರಣವನ್ನ ತಿರುಗಿಸಿ ಲೆನ್ಸ್‌ಗೆ ತಲುಪಿಸ್ತವೆ, ಲೆನ್ಸ್ ಅದನ್ನ ಒಂದು ಸಣ್ಣ ಚುಕ್ಕೆಗೆ ಒಗ್ಗೂಡಿಸುತ್ತೆ. ಆ ಚುಕ್ಕೆ ಬಿದ್ದಲ್ಲಿ ಪ್ಲೈವುಡ್, ಅಕ್ರಿಲಿಕ್, ಚರ್ಮ, ರಟ್ಟು ಎಲ್ಲ ಸುಟ್ಟು ಕತ್ತರಿಸಿಕೊಳ್ಳುತ್ತೆ. 40 ವಾಟ್ ಆಸುಪಾಸಿನ ಯಂತ್ರದಲ್ಲಿ ಬರೀ ಲೋಹ ಕತ್ತರಿಸೋಕೆ ಆಗಲ್ಲ. ಪಿವಿಸಿ ಹಾಕಲೇಬಾರದು, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತೆ. ಅದು ಮನುಷ್ಯರ ಶ್ವಾಸಕೋಶಕ್ಕೂ ಕೆಟ್ಟದು, ಯಂತ್ರಕ್ಕೂ ಕೆಟ್ಟದು.

ಈಗ ಗಮನಿಸಿ. ಗಾಜಿನ ಕೊಳವೆ, ಹೈ ವೋಲ್ಟೇಜ್, ತಂಪು ಮಾಡೋ ನೀರು, ಕೂದಲೆಳೆ ಲೆಕ್ಕದಲ್ಲಿ ಕೂತಿರಬೇಕಾದ ಕನ್ನಡಿ, ಕಣ್ಣು ಸುಡಬಲ್ಲ ಕಿರಣ, ಜೊತೆಗೆ ಬೆಂಕಿಯ ಭಯ. ಇದೆಲ್ಲ ಒಂದೇ ಪೆಟ್ಟಿಗೆಯಲ್ಲಿ ಇರಬೇಕು. ಆ ಪೆಟ್ಟಿಗೆ ಲಾರಿ, ಹಡಗು, ವಿಮಾನ ದಾಟಿ ಬಂದು, ಏನೂ ಗೊತ್ತಿಲ್ಲದವರ ಮನೆಯ ಟೇಬಲ್ ಮೇಲೆ ಕೂತು, ಪ್ಲಗ್ ಹಾಕಿದ ಕೂಡಲೇ ಕೆಲಸ ಮಾಡಬೇಕು. ಇದು ಮೊಬೈಲ್ ಕವರ್ ತಯಾರಿಸಿದಷ್ಟು ಸುಲಭ ಅಲ್ಲ.

ಗ್ಲೋಫೋರ್ಜ್ ಕಥೆ

ಈ ವಿಷಯದಲ್ಲಿ ಜಗತ್ತೇ ನೋಡಿದ ಉದಾಹರಣೆ ಒಂದಿದೆ. ಅಮೆರಿಕದ ಸಿಯಾಟಲ್‌ನ ಗ್ಲೋಫೋರ್ಜ್. ಡ್ಯಾನ್ ಶಪಿರೋ, ಮಾರ್ಕ್ ಗಾಸೆಲಿನ್, ಟೋನಿ ರೈಟ್ ಸೇರಿ ಶುರು ಮಾಡಿದ ಕಂಪನಿ. ಶಪಿರೋ ಅದಕ್ಕೂ ಮುಂಚೆ, 2013ರಲ್ಲಿ, ಮಕ್ಕಳಿಗೆ ಪ್ರೋಗ್ರಾಮಿಂಗ್ ಯೋಚನೆ ಕಲಿಸೋ ಬೋರ್ಡ್ ಆಟವೊಂದಕ್ಕೆ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಎತ್ತಿ ಗೆದ್ದಿದ್ದವರು.

2015ರ ಸೆಪ್ಟೆಂಬರ್‌ನಲ್ಲಿ ಗ್ಲೋಫೋರ್ಜ್ ತನ್ನದೇ ವೆಬ್‌ಸೈಟಿನಲ್ಲಿ ಪ್ರಿ-ಆರ್ಡರ್ ತೆರೆಯಿತು. ಯಂತ್ರಕ್ಕೆ "3ಡಿ ಲೇಸರ್ ಪ್ರಿಂಟರ್" ಅಂತ ಹೆಸರಿಟ್ಟರು. ಈಗ ಕೊಂಡರೆ ಅರ್ಧ ಬೆಲೆ, ಸುಮಾರು 2 ಸಾವಿರ ಡಾಲರ್‌ನಿಂದ ಶುರು. 30 ದಿನದಲ್ಲಿ 2.79 ಕೋಟಿ ಡಾಲರ್ ಬಂತು. ಒಂದು ತಿಂಗಳ ಇಂಥ ಅಭಿಯಾನದಲ್ಲಿ ಅದು ಆಗ ದಾಖಲೆ.

ಯಂತ್ರ 2016ರಲ್ಲಿ ಮನೆಗೆ ಬರುತ್ತೆ ಅಂತ ಜನ ಕಾದರು. ದಿನಾಂಕ ಮುಂದೆ ಹೋಯ್ತು. ಇನ್ನೊಮ್ಮೆ ಹೋಯ್ತು. ಜನರ ಕೈಗೆ ಯಂತ್ರಗಳು ಸೇರೋಕೆ ಶುರುವಾದದ್ದು 2017ರಲ್ಲಿ. ಅಮೆರಿಕದಾಚೆ ಇದ್ದವರು ಇನ್ನೂ ಹೆಚ್ಚು ಕಾದರು. ಯಾರು ಬೇಕಾದರೂ ಕೊಳ್ಳಬಹುದು ಅಂತ ಮಾಮೂಲಿ ಮಾರಾಟ ಶುರುವಾದದ್ದು 2018ರಲ್ಲಿ.

ಈ ಕಾಯುವಿಕೆಯಲ್ಲಿ ಎರಡು ಸಂಗತಿ ಮುಖ್ಯ. ಒಂದು, ಯಂತ್ರ ಹೊರಡೋವರೆಗೂ ದುಡ್ಡು ವಾಪಸ್ ಕೇಳೋ ಅವಕಾಶವನ್ನ ಕಂಪನಿ ಕೊಟ್ಟಿತ್ತು. ಇನ್ನೊಂದು, ಕಂಪನಿಗೆ ಗ್ರಾಹಕರ ದುಡ್ಡು ಮಾತ್ರ ಅಲ್ಲ, ಹೂಡಿಕೆದಾರರ ದುಡ್ಡೂ ಇತ್ತು. ಅಂದರೆ ಗ್ರಾಹಕರು ಕಟ್ಟಿದ್ದನ್ನ ಸುಟ್ಟು ಕಾರ್ಖಾನೆ ನಡೆಸಲೇಬೇಕಾದ ಸ್ಥಿತಿ ಇರಲಿಲ್ಲ. ತಡ ಆದರೂ ಯಂತ್ರ ಬಂದದ್ದರ ಹಿಂದೆ ಇದೂ ಒಂದು ಕಾರಣ.

ಯಾಕೆ ತಡ ಆಗುತ್ತೆ?

ನಮ್ಮಲ್ಲಿ ಹಲವರು ಅಂದ್ಕೋತೀವಿ, "ವಿಡಿಯೋದಲ್ಲಿ ಮಷೀನ್ ಓಡ್ತಾ ಇತ್ತಲ್ಲ, ಅದನ್ನೇ ಇನ್ನೊಂದಷ್ಟು ಮಾಡಿ ಕಳಿಸೋಕೇನು ಕಷ್ಟ?" ಅಂತ. ಕಷ್ಟ ಇರೋದೇ ಅಲ್ಲಿ. ಮನೇಲಿ ಐದು ಜನಕ್ಕೆ ಬಿಸಿಬೇಳೆಬಾತ್ ಮಾಡೋರು ಛತ್ರದಲ್ಲಿ ಸಾವಿರ ಎಲೆಗೆ ಮಾಡೋಕೆ ನಿಂತರೆ ಏನಾಗುತ್ತೆ? ಪಾತ್ರೆ ಬೇರೆ, ಒಲೆ ಬೇರೆ, ಉಪ್ಪಿನ ಅಂದಾಜು ಬೇರೆ, ಕೈಗಳೂ ಬೇರೆ.

ಕಾರ್ಖಾನೆಯವರು ಈ ದಾರಿಯನ್ನ ಮೂರು ಹಂತ ಮಾಡ್ತಾರೆ. ಇವಿಟಿ, ಡಿವಿಟಿ, ಪಿವಿಟಿ ಅಂತ ಕರೀತಾರೆ. ಮೊದಲ ಹಂತದಲ್ಲಿ, ಈ ಯಂತ್ರ ಕೆಲಸ ಮಾಡುತ್ತಾ ಅಂತ ನೋಡ್ತಾರೆ. ಎರಡನೇದರಲ್ಲಿ, ಈ ವಿನ್ಯಾಸ ಬಿಸಿ, ಧೂಳು, ಸಾಗಣೆಯ ಪೆಟ್ಟು ತಡೆಯುತ್ತಾ ಅಂತ. ಮೂರನೇದರಲ್ಲಿ, ಇದನ್ನ ಸಾಲಾಗಿ ಸಾವಿರಾರು ಸಂಖ್ಯೆಯಲ್ಲಿ, ಎಲ್ಲವೂ ಒಂದೇ ಥರ ಬರೋ ಹಾಗೆ ಮಾಡೋಕಾಗುತ್ತಾ ಅಂತ. ಪ್ರಚಾರದ ವಿಡಿಯೋದಲ್ಲಿ ನಾವು ನೋಡೋ ಯಂತ್ರ ಬಹಳ ಸಲ ಮೊದಲ ಹಂತದ್ದು, ಅಥವಾ ಅದಕ್ಕೂ ಮುಂಚಿನದು.

ಹತ್ತು ಯಂತ್ರ ಮಾಡಿದಾಗ ನೂರಕ್ಕೆ ಒಂದರಲ್ಲಿ ಬರೋ ದೋಷ ಕಾಣೋದೇ ಇಲ್ಲ. ಹತ್ತು ಸಾವಿರ ಮಾಡಿದಾಗ ಅದೇ ದೋಷ ನೂರು ಮನೆಗೆ ಹೋಗುತ್ತೆ. ಲೇಸರ್ ಯಂತ್ರದಲ್ಲಿ ಆ ನೂರರಲ್ಲಿ ಒಂದಕ್ಕೆ ಬೆಂಕಿ ಹತ್ತಿಕೊಂಡರೆ? ಹಾಗಾಗಿ ನಿಲ್ಲಿಸಿ ಸರಿ ಮಾಡಲೇಬೇಕು. ಪ್ಲಾಸ್ಟಿಕ್ ಭಾಗದ ಒಂದು ಉಕ್ಕಿನ ಅಚ್ಚು ತಿದ್ದಬೇಕು ಅಂದರೂ ವಾರಗಟ್ಟಲೆ ಹಿಡಿಯುತ್ತೆ. ಚೀನಾದಲ್ಲಿ ಭಾಗಗಳು ತಯಾರಾಗ್ತಿದ್ದರೆ ಅಲ್ಲಿನ ಹೊಸ ವರ್ಷದ ರಜೆಯ ಲೆಕ್ಕ ಬೇರೆ. ಸುರಕ್ಷತಾ ಪ್ರಮಾಣಪತ್ರಗಳ ಸಮಯ ಬೇರೆ. ಅಮೆರಿಕದಲ್ಲಿ ಲೇಸರ್ ಉತ್ಪನ್ನಗಳ ಮೇಲೆ ಕಣ್ಣಿಡೋದು ಆಹಾರ ಮತ್ತು ಔಷಧಿ ನೋಡಿಕೊಳ್ಳೋ ಅದೇ ಎಫ್‌ಡಿಎ, ನಿಮಗೆ ಆಶ್ಚರ್ಯ ಆಗಬಹುದು.

ಇನ್ನೊಂದು ಸೂಕ್ಷ್ಮ ಇದೆ. ಯಂತ್ರಕ್ಕೆ ನೂರು ಭಾಗ ಬೇಕು, 99 ಬಂದಿವೆ ಅಂದರೆ 99 ಪರ್ಸೆಂಟ್ ಕೆಲಸ ಮುಗಿದ ಹಾಗಲ್ಲ. ಒಂದೂ ಯಂತ್ರ ಸಿದ್ಧ ಇಲ್ಲ ಅಂತ ಅರ್ಥ. ಬೆಂಗಳೂರಿನವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಮೆಟ್ರೋ ಹಳದಿ ಮಾರ್ಗದಲ್ಲಿ ಹಳಿ ಇತ್ತು, ಸ್ಟೇಷನ್ ಇತ್ತು, ರೈಲಿನ ಬೋಗಿಗಳೇ ಬಂದಿರಲಿಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. ಅತಿ ತಡವಾದ ಒಂದು ಭಾಗವೇ ಇಡೀ ಕೆಲಸದ ದಿನಾಂಕವನ್ನ ತೀರ್ಮಾನ ಮಾಡುತ್ತೆ.

ಹಾಗಾದರೆ ಕಂಪನಿಗಳು ಮೊದಲೇ ಸುಳ್ಳು ದಿನಾಂಕ ಹೇಳ್ತವಾ? ಕೆಲವು ಹೇಳಬಹುದು. ಬಹಳಷ್ಟು ಕಂಪನಿಗಳು ತಮ್ಮನ್ನ ತಾವೇ ನಂಬಿಸಿಕೊಂಡಿರ್ತವೆ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಅನ್ನೋ ಮನಃಶಾಸ್ತ್ರಜ್ಞರು 1979ರಲ್ಲೇ ಇದರ ಬಗ್ಗೆ ಬರೆದಿದ್ದರು. ನಮ್ಮ ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತೆ ಅಂತ ಅಂದಾಜು ಮಾಡುವಾಗ, ಎಲ್ಲವೂ ಸರಿಯಾಗಿ ನಡೆದರೆ ಎಷ್ಟು ಅಂತಲೇ ಲೆಕ್ಕ ಹಾಕ್ತೀವಿ. ಇಂಥದ್ದೇ ಕೆಲಸ ಬೇರೆಯವರಿಗೆ ಎಷ್ಟು ದಿನ ಹಿಡಿದಿತ್ತು ಅಂತ ನೋಡಲ್ಲ. ಹಬ್ಬಕ್ಕೆ ಕೊಡ್ತೀನಿ ಅಂದ ಟೈಲರ್ ಪಾಪ ಸುಳ್ಳುಗಾರ ಅಲ್ಲ, ಅವರೂ ನಂಬಿರ್ತಾರೆ.

ತಡ ಆದದ್ದು ಬರುತ್ತಾ?

ಇದಕ್ಕೆ ಅಧ್ಯಯನ ಇದೆ. ಅಮೆರಿಕದ ವಾರ್ಟನ್ ಸ್ಕೂಲ್‌ನ ಈಥನ್ ಮಾಲಿಕ್ 2014ರಲ್ಲಿ ಪ್ರಕಟಿಸಿದ ಸಂಶೋಧನೆ ಪ್ರಕಾರ, ಕಿಕ್‌ಸ್ಟಾರ್ಟರ್‌ನಲ್ಲಿ ದುಡ್ಡು ಎತ್ತಿದ ವಿನ್ಯಾಸ ಮತ್ತು ತಂತ್ರಜ್ಞಾನ ಯೋಜನೆಗಳಲ್ಲಿ ಶೇ 75ಕ್ಕಿಂತ ಹೆಚ್ಚು ಹೇಳಿದ ದಿನಕ್ಕೆ ಕೊಡಲಿಲ್ಲ. 2015ರಲ್ಲಿ ಅವರೇ ಮಾಡಿದ ಇನ್ನೊಂದು ಅಧ್ಯಯನದ ಪ್ರಕಾರ, ಕೊನೆಗೂ ಕೊಡದೇ ಹೋದ ಯೋಜನೆಗಳು ಸುಮಾರು ಶೇ 9. ಎರಡನ್ನೂ ಜೊತೆಗಿಟ್ಟು ನೋಡಿ. ತಡ ಆಗೋದು ಮಾಮೂಲು. ಮುಳುಗೋದು ಕಡಿಮೆ, ಆದರೆ ಮುಳುಗೋದೂ ಇದೆ.

ಮೂರು ಥರದ ಅಂತ್ಯ ನೋಡೋಣ.

ಮೊದಲನೇದು, ತಡವಾಗಿ ಆದರೂ ಬಂದದ್ದು. ಪೆಬಲ್ ಅನ್ನೋ ಸ್ಮಾರ್ಟ್‌ವಾಚ್ 2012ರಲ್ಲಿ 1 ಕೋಟಿ ಡಾಲರ್‌ಗೂ ಹೆಚ್ಚು ಎತ್ತಿತು. ಸೆಪ್ಟೆಂಬರ್‌ನಲ್ಲಿ ಬರಬೇಕಿತ್ತು, 2013ರ ಜನವರಿಯಲ್ಲಿ ಹೊರಟಿತು. ಗ್ಲೋಫೋರ್ಜ್ ಕೂಡ ಇದೇ ಸಾಲಿಗೆ ಸೇರುತ್ತೆ.

ಎರಡನೇದು, ಕೆಲವರಿಗೆ ಬಂದು ಕೆಲವರಿಗೆ ಬಾರದ್ದು. 2014ರ ಕೂಲೆಸ್ಟ್ ಕೂಲರ್, ಅಂದರೆ ಬ್ಲೆಂಡರ್, ಸ್ಪೀಕರ್ ಎಲ್ಲ ಇರೋ ಐಸ್ ಪೆಟ್ಟಿಗೆ. 62 ಸಾವಿರಕ್ಕೂ ಹೆಚ್ಚು ಜನ 1.3 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟರು. ಆದರೆ ಹಾಕಿದ ಬೆಲೆ ತಯಾರಿಸೋ ಖರ್ಚಿಗೆ ಸಾಲಲಿಲ್ಲ. ಮುಂದೆ ಕಂಪನಿ, ಬೇಗ ಬೇಕಾದರೆ ಇನ್ನೂ 97 ಡಾಲರ್ ಕೊಡಿ ಅಂತ ಕೇಳಿತು. 2019ರಲ್ಲಿ ಬಾಗಿಲು ಹಾಕಿತು. ಸುಮಾರು 20 ಸಾವಿರ ಜನಕ್ಕೆ ಪೆಟ್ಟಿಗೆ ಸಿಗಲೇ ಇಲ್ಲ.

ಮೂರನೇದು, ಪೂರ್ತಿ ಮುಳುಗಿದ್ದು. ಬ್ರಿಟನ್ನಿನ ಜಾನೋ ಅನ್ನೋ ಪುಟ್ಟ ಡ್ರೋನ್. 23 ಲಕ್ಷ ಪೌಂಡ್ ಎತ್ತಿ, ಕೆಲವೇ ಜನಕ್ಕೆ ಕೊಟ್ಟು, 2015ರ ನವೆಂಬರ್‌ನಲ್ಲಿ ಕಂಪನಿ ಮುಚ್ಚಿಹೋಯ್ತು. ಏನಾಯ್ತು ಅಂತ ತಿಳಿಯೋಕೆ ಕಿಕ್‌ಸ್ಟಾರ್ಟರ್ ಒಬ್ಬ ಪತ್ರಕರ್ತರನ್ನೇ ನೇಮಿಸಿ ವರದಿ ಬರೆಸಬೇಕಾಯ್ತು.

ಇಮೇಲ್ ಓದೋದು ಹೇಗೆ?

ದಾವಣಗೆರೆಯ ತಂಗಿ, ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ನಿಮ್ಮ ಕಂಪನಿ ಈ ಮೂರರಲ್ಲಿ ಯಾವುದು ಅಂತ ನನಗೆ ಗೊತ್ತಿಲ್ಲ. ಆದರೆ ಗುರುತು ಹಿಡಿಯೋಕೆ ಕೆಲವು ದಾರಿ ಇವೆ. ಅವರು ಕಳಿಸಿದ ಹಳೇ ಇಮೇಲ್‌ಗಳನ್ನೆಲ್ಲ ಮೊದಲಿಂದ ಒಂದೇ ಸಲ ಕೂತು ಓದಿ.

ಪ್ರತಿ ಇಮೇಲ್‌ನಲ್ಲೂ ಹೊಸ ವಿವರ ಇದೆಯಾ ನೋಡಿ. "ಪವರ್ ಸಪ್ಲೈ ಬಿಸಿಯಾಗ್ತಿತ್ತು, ಬದಲಾಯಿಸಿದ್ವಿ, ಇಷ್ಟು ಗಂಟೆ ಓಡಿಸಿ ನೋಡಿದ್ವಿ" ಅನ್ನೋದು ವಿವರ. "ನಿಮ್ಮ ತಾಳ್ಮೆಗೆ ಧನ್ಯವಾದ, ಅತ್ಯುತ್ತಮವಾದದ್ದನ್ನೇ ಕೊಡಬೇಕು ಅನ್ನೋದು ನಮ್ಮ ಆಸೆ" ಅನ್ನೋದು ಬರೀ ಮಾತು. ಕಾರ್ಖಾನೆಯ ಫೋಟೋ ಇದೆಯಾ? ತಡಕ್ಕೆ ಪ್ರತಿ ಸಲ ಬೇರೆ ಕಾರಣ ಕೊಡ್ತಿದ್ದಾರಾ, ಅಥವಾ ಹಳೇ ಕಾರಣ ಸರಿಹೋಯ್ತು, ಈಗ ಇದು ಎದುರಾಗಿದೆ ಅಂತ ಕೊಂಡಿ ಕೂಡುತ್ತಾ?

ಒಬ್ಬರಿಗಾದರೂ ಯಂತ್ರ ತಲುಪಿದೆಯಾ ಅಂತ ಹುಡುಕಿ. ಕಂಪನಿ ದುಡ್ಡು ಕೊಟ್ಟು ಮಾಡಿಸಿದ ವಿಡಿಯೋ ಲೆಕ್ಕಕ್ಕಿಲ್ಲ. ನಿಮ್ಮ ಹಾಗೆ ಕ್ಯೂನಲ್ಲಿದ್ದು ಪಡೆದವರು ಬೇಕು.

ಇನ್ನಷ್ಟು ದುಡ್ಡು ಕೇಳಿದರೆ ಕೆಂಪು ದೀಪ. ಹಳಬರಿಗೆ ಕೊಡೋದು ಬಾಕಿ ಇರುವಾಗ ಹೊಸ ಮಾದರಿಗೆ ಪ್ರಿ-ಆರ್ಡರ್ ತೆರೆದರೆ ಅದೂ ಕೆಂಪು ದೀಪ. ಹೊಸಬರ ದುಡ್ಡಿನಲ್ಲಿ ಹಳಬರ ಸಾಲ ತೀರಿಸೋ ಚೀಟಿ ವ್ಯವಹಾರ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನಿಮ್ಮ ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ.

ಕೊನೇದು, ದುಡ್ಡು ವಾಪಸ್ ಕೇಳಿದವರಿಗೆ ಸಿಗ್ತಿದೆಯಾ? ಇದು ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಕೇಳಿದ ಕೂಡಲೇ ಕೊಡೋ ಕಂಪನಿಯ ಕೈಯಲ್ಲಿ ದುಡ್ಡಿದೆ ಅಂತ ಅರ್ಥ.

ಕಾನೂನು ಏನು ಹೇಳುತ್ತೆ?

ಮೊದಲು ನೀವು ಕಟ್ಟಿದ್ದು ಯಾವ ಥರದ ದುಡ್ಡು ಅಂತ ನೋಡಿ. ಕಿಕ್‌ಸ್ಟಾರ್ಟರ್ ಥರದ ವೇದಿಕೆಯಲ್ಲಿ ನೀವು ಬೆಂಬಲಿಗರು. ನಾವು ಅಂಗಡಿ ಅಲ್ಲ ಅಂತ ಅವರು 2012ರಲ್ಲೇ ಸ್ಪಷ್ಟವಾಗಿ ಹೇಳಿದ್ದಾರೆ. ಅಲ್ಲಿ ಹಕ್ಕು ಕಡಿಮೆ. ಕಂಪನಿಯ ಸ್ವಂತ ಸೈಟಿನಲ್ಲಿ ಬಿಲ್ ಪಡೆದು ಕೊಂಡಿದ್ದರೆ ನೀವು ಗ್ರಾಹಕರು ಅಂತ ವಾದಿಸೋದು ಸುಲಭ.

ನಮ್ಮ ದೇಶದಲ್ಲಿ 2020ರ ಇ-ಕಾಮರ್ಸ್ ನಿಯಮಗಳಿವೆ. ಹೇಳಿದ ದಿನಾಂಕಕ್ಕಿಂತ ತಡವಾಗಿ ವಸ್ತು ಕೊಟ್ಟರೆ, ವಸ್ತು ವಾಪಸ್ ಪಡೆಯೋಕೆ, ದುಡ್ಡು ಹಿಂದಿರುಗಿಸೋಕೆ ಮಾರಾಟಗಾರ ಇಲ್ಲ ಅನ್ನುವಂತಿಲ್ಲ. ಪ್ರವಾಹ, ಯುದ್ಧದಂಥ ಕೈಮೀರಿದ ಕಾರಣಕ್ಕೆ ಮಾತ್ರ ವಿನಾಯಿತಿ. ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರೋ ವಿದೇಶಿ ಸಂಸ್ಥೆಗಳಿಗೂ ಈ ನಿಯಮ ಅನ್ವಯ ಆಗುತ್ತೆ. 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ದೂರನ್ನ ನೀವು ವಾಸ ಇರೋ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಕಟ್ಟಿದ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಸಮಸ್ಯೆ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು.

ಆದರೆ ಒಂದು ನಿಜ ಹೇಳಬೇಕು. ನಮ್ಮಲ್ಲಿ ಕಚೇರಿಯೇ ಇಲ್ಲದ ವಿದೇಶಿ ಕಂಪನಿಯಿಂದ ಆದೇಶದ ಪ್ರಕಾರ ದುಡ್ಡು ವಸೂಲಿ ಮಾಡೋದು ಕಷ್ಟ. ಹಾಗಾಗಿ ಕಾರ್ಡ್‌ನಲ್ಲಿ ಕಟ್ಟಿದವರಿಗೆ ಬ್ಯಾಂಕಿನ ಚಾರ್ಜ್‌ಬ್ಯಾಕ್ ಹತ್ತಿರದ ದಾರಿ. ವಸ್ತು ಬಂದಿಲ್ಲ ಅಂತ ಬ್ಯಾಂಕಿಗೆ ಬರೆದರೆ ಅವರು ಕಾರ್ಡ್ ಜಾಲದ ಮೂಲಕ ದುಡ್ಡು ವಾಪಸ್ ಕೇಳ್ತಾರೆ. ಇದಕ್ಕೆ ಗಡುವು ಇರುತ್ತೆ. ಗಮನಿಸಿ, ಕಂಪನಿ "ಇನ್ನೆರಡು ತಿಂಗಳು" ಅಂದಾಗೆಲ್ಲ ನಾವು ಸುಮ್ಮನಿದ್ದರೆ ಈ ಗಡುವು ಸದ್ದಿಲ್ಲದೆ ಕರಗ್ತಾ ಹೋಗುತ್ತೆ. ಇವತ್ತೇ ಬ್ಯಾಂಕಿಗೆ ಫೋನ್ ಮಾಡಿ, ನನ್ನ ವಹಿವಾಟಿಗೆ ಇನ್ನೂ ಅವಕಾಶ ಇದೆಯಾ ಅಂತ ಕೇಳಿ.

ಹಾಗಾದರೆ ಕಾಯೋದಾ, ಬಿಡೋದಾ?

ಒಂದು ಹಾಳೆ ತಗೊಳ್ಳಿ. ಕಾಯೋದಕ್ಕೆ ತಿಂಗಳಿಗೆ ಎಷ್ಟು ಖರ್ಚಾಗ್ತಿದೆ ಬರೀರಿ. ಚೀಟಿಯ ಕಂತು, ಅಂಗಡಿಯ ಕಟಿಂಗ್ ಚಾರ್ಜು, ಕೈಬಿಟ್ಟ ಆರ್ಡರ್‌ಗಳು. ಯಂತ್ರ ಬಂದಾಗ ಕಸ್ಟಮ್ಸ್ ಸುಂಕ, ಐಜಿಎಸ್‌ಟಿ ಕಟ್ಟಬೇಕಾಗುತ್ತೆ, ಅದನ್ನೂ ಸೇರಿಸಿ. ರಿಪೇರಿಗೆ ಗಾಜಿನ ಕೊಳವೆ ಎಲ್ಲಿಂದ ತರಿಸೋದು ಅಂತಲೂ ಯೋಚಿಸಿ. ಕೆಲವು ಯಂತ್ರಗಳಿಗೆ ಕಂಪನಿಯ ಸರ್ವರ್‌ಗೆ ಸಂಪರ್ಕ ಇಲ್ಲದಿದ್ದರೆ ಕೆಲಸವೇ ಇಲ್ಲ. ಗ್ಲೋಫೋರ್ಜ್ ಕೂಡ ಇಂಟರ್ನೆಟ್ ಮೂಲಕವೇ ನಡೆಯೋದು. ಕಂಪನಿ ಮುಚ್ಚಿದರೆ ಯಂತ್ರದ ಗತಿ ಏನು ಅನ್ನೋದೂ ಲೆಕ್ಕದಲ್ಲಿರಲಿ. ಇದೆಲ್ಲ ಕೂಡಿದಾಗ ಆ "ಅರ್ಧ ಬೆಲೆ" ಇನ್ನೂ ಅರ್ಧವಾಗೇ ಉಳಿದಿದೆಯಾ ನೋಡಿ.

ಆಮೇಲೆ ಒಂದು ದಿನಾಂಕ ನೀವೇ ಇಡಿ. ಕಂಪನಿಯದ್ದಲ್ಲ, ನಿಮ್ಮದು. ಬ್ಯಾಂಕಿನ ಗಡುವಿಗಿಂತ ಮುಂಚೆ ಇರಲಿ. ಈ ದಿನದೊಳಗೆ ಕಳಿಸಿ, ಇಲ್ಲದಿದ್ದರೆ ದುಡ್ಡು ವಾಪಸ್ ಮಾಡಿ ಅಂತ ಇಮೇಲ್‌ನಲ್ಲಿ ಬರೆದು ಕಳಿಸಿ, ಫೋನಲ್ಲಿ ಬೇಡ. ಉತ್ತರ ಬರಲಿ, ಬರದಿರಲಿ, ಆ ದಿನ ಆದ ಮೇಲೆ ಮತ್ತೆ ಮುಂದಕ್ಕೆ ಹಾಕಬೇಡಿ.

ನನ್ನ ಅಭಿಪ್ರಾಯ ಕೇಳಿದ್ರಿ, ಹೇಳ್ತೀನಿ. ಹದಿನಾಲ್ಕು ತಿಂಗಳು ಕಾದದ್ದೊಂದೇ ಓಡಿಹೋಗೋಕೆ ಕಾರಣ ಅಲ್ಲ, ಗ್ಲೋಫೋರ್ಜ್‌ನವರೂ ಅಷ್ಟು ಹೊತ್ತು ಕಾಯಿಸಿ ಕೊನೆಗೆ ಕೊಟ್ಟರು. ಆದರೆ ಆ ಗ್ರಾಹಕರಿಗೆ ಬೇಡ ಅನ್ನೋ ಸ್ವಾತಂತ್ರ್ಯ ಇತ್ತು. ನಿಮಗೆ ಅದು ಇದೆಯಾ ಅಂತ ಈ ವಾರ ಪರೀಕ್ಷೆ ಮಾಡಿ. ದುಡ್ಡು ವಾಪಸ್ ಕೊಡ್ತೀವಿ ಅಂದರೆ, ಆಗ ಸಮಾಧಾನವಾಗಿ ಕೂತು ಕಾಯೋದಾ ಬೇಡವಾ ಅಂತ ಯೋಚನೆ ಮಾಡಬಹುದು. ಕೊಡಲ್ಲ ಅಂದರೆ, ಅಥವಾ ಉತ್ತರವೇ ಕೊಡದಿದ್ದರೆ, ಯೋಚನೆ ಮಾಡೋಕೆ ಏನೂ ಉಳಿದಿಲ್ಲ, ಬ್ಯಾಂಕಿಗೆ ಹೋಗಿ.

ಇನ್ನೊಂದು ಮಾತು. ಇದನ್ನ ಅಮ್ಮನ ಹತ್ತಿರ ನೀವೇ ಹೋಗಿ ಹೇಳಿ. ಅವರು ಕೇಳೋದು ಬಿಟ್ಟಿದ್ದಾರೆ ಅಂದರೆ ಮರೆತಿದ್ದಾರೆ ಅಂತಲ್ಲ, ನಿಮಗೆ ನೋವಾಗಬಾರದು ಅಂತ. ದುಡ್ಡು ಎಲ್ಲಿದೆ, ಯಾವ ದಿನದವರೆಗೆ ಕಾಯ್ತೀನಿ, ಆಮೇಲೆ ಏನು ಮಾಡ್ತೀನಿ, ಮೂರೇ ಸಾಲು. ಅಲ್ಲಿವರೆಗೆ ಕಟಿಂಗ್ ಅಂಗಡಿಯವರ ಹತ್ತಿರ ತಿಂಗಳ ಲೆಕ್ಕದಲ್ಲಿ ಏನಾದರೂ ರಿಯಾಯಿತಿ ಸಿಗುತ್ತಾ ಕೇಳಿ ನೋಡಿ. ಆರ್ಡರ್ ಬಿಡಬೇಡಿ.

ಏನಾಯ್ತು ಅಂತ ಇನ್ನೊಂದು ವಾಯ್ಸ್ ಮೆಸೇಜ್ ಕಳಿಸ್ತೀರಿ ಅಲ್ವಾ? ಕೇಳ್ತಿರೋ ಬೇರೆಯವರೂ ಪ್ರಿ-ಆರ್ಡರ್ ಮಾಡಿ ಕಾಯ್ತಾ ಇದ್ದರೆ, ಫೋನ್ ಕೆಳಗಿಡೋ ಮುಂಚೆ ಒಂದು ಕೆಲಸ ಮಾಡಿ. ಆರ್ಡರ್ ಮಾಡಿದ ದಿನ, ಕೊಡ್ತೀವಿ ಅಂದ ದಿನ, ಕಟ್ಟಿದ ಮೊತ್ತ, ಇಷ್ಟನ್ನ ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳಿ. ಕಂಪನಿ ಪುಟ ಬದಲಾಯಿಸಿದರೂ ನಿಮ್ಮ ಹತ್ತಿರ ಸಾಕ್ಷಿ ಇರುತ್ತೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.